ಟೈಟಾನಿಯಂ ಫ್ರೇಮಿನಲ್ಲಿ ಬಿರುಕು: ಇಲ್ಲೇ ಎಲ್ಲಾದರೂ ವೆಲ್ಡಿಂಗ್ ಮಾಡಿಸಬಹುದಾ?

ಚಾಮುಂಡಿ ಏರು (ಮೈಸೂರು)

ಎಲ್ಲರಿಗೂ ನಮಸ್ಕಾರ. ನನ್ನದು ಟೈಟಾನಿಯಂ ರೋಡ್ ಬೈಕು, ಅಂದರೆ ಪೆಡಲ್ ಸೈಕಲ್ಲು. ಫ್ರೇಮ್ ಸೆಕೆಂಡ್ ಹ್ಯಾಂಡ್, ಸೀಟ್ ಪೋಸ್ಟ್ (ಸೀಟನ್ನು ಹೊರುವ ಕಂಬ) ಸಮೇತ ತಗೊಂಡದ್ದು. ಉಳಿದ ಪಾರ್ಟುಗಳನ್ನು ನಾನೇ ಒಂದೊಂದಾಗಿ ಸೇರಿಸಿ ಕಟ್ಟಿಕೊಂಡೆ. ವಾರದ ದಿನಗಳಲ್ಲಿ ಚಾಮುಂಡಿ ಬೆಟ್ಟ, ರಜೆ ಇದ್ದರೆ ಗುಂಡ್ಲುಪೇಟೆ ಕಡೆ. ಇಷ್ಟು ದಿನ ಏನೂ ತೊಂದರೆ ಕೊಟ್ಟಿರಲಿಲ್ಲ.

ಈಗ ಬೈಕ್ ತೊಳೆಯುವಾಗ ಒಂದು ಗೆರೆ ಕಾಣಿಸಿತು. ಟಾಪ್ ಟ್ಯೂಬ್ (ಮೇಲಿನ ಅಡ್ಡ ಪೈಪು) ಬಂದು ಸೀಟ್ ಟ್ಯೂಬಿಗೆ (ಸೀಟ್ ಪೋಸ್ಟ್ ಇಳಿಯುವ ನಿಂತ ಪೈಪು) ಕೂಡುತ್ತದಲ್ಲ, ಆ ವೆಲ್ಡಿಂಗಿನ ಕೆಳ ಅಂಚಿನಲ್ಲಿ, ಸೀಟ್ ಟ್ಯೂಬಿನ ಮುಂಭಾಗದಲ್ಲಿ ಅಡ್ಡಕ್ಕೆ ಇದೆ. ಉದ್ದ ಸುಮಾರು 12 ಮಿ.ಮೀ. ಮೊದಲು ಗೀರು ಅಂದುಕೊಂಡೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಗೆಳೆಯನನ್ನು ಸೀಟಿನ ಮೇಲೆ ಕೂರಿಸಿ ಟಾರ್ಚ್ ಬಿಟ್ಟು ನೋಡಿದರೆ ಗೆರೆ ಸ್ವಲ್ಪ ಬಾಯಿ ಬಿಡುತ್ತದೆ. ಬಿರುಕೇ, ಅನುಮಾನ ಇಲ್ಲ.

ಕಂಪನಿಗೆ ಬರೆದೆ. ವಾರಂಟಿ ಮೊದಲ ಮಾಲೀಕರಿಗೆ ಮಾತ್ರ ಅಂದರು. ವಿದೇಶಕ್ಕೆ ಕಳಿಸಿ ರಿಪೇರಿ ಮಾಡಿಸಿದರೆ ಹೋಗಿ ಬರುವ ಖರ್ಚು, ಕಸ್ಟಮ್ಸ್ ತಲೆನೋವು. ಇಲ್ಲೊಬ್ಬರು ವೆಲ್ಡರ್‌ಗೆ ತೋರಿಸಿದೆ. "ಆರ್ಗಾನ್ ವೆಲ್ಡಿಂಗ್ ತಾನೇ, ಬಿಟ್ಟು ಹೋಗಿ, ಸಂಜೆಗೆ ಕೊಡ್ತೀನಿ" ಅಂದರು. ಅಷ್ಟು ಸುಲಭವಾಗಿ ಒಪ್ಪಿಕೊಂಡಿದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಬೆಂಗಳೂರಿನಲ್ಲಿ ಪೀಣ್ಯ ಕಡೆ ಇಂಥ ಕೆಲಸ ಬಲ್ಲವರು ಇರುತ್ತಾರೆ ಅಲ್ವಾ? ಹೋದರೆ ಏನು ಕೇಳಬೇಕು? ಅಲ್ಲಿಯವರೆಗೆ ನಿಧಾನವಾಗಿ ಓಡಿಸಬಹುದಾ? ಫೋಟೋ ಹಾಕಿದ್ದೇನೆ.

ಹುಬ್ಬಳ್ಳಿ ಚೈನು

ಓಡಿಸಬ್ಯಾಡ್ರಿ ಸರ. ಅದು ಮಾತ್ರ ಖಂಡಿತ.

ನನ್ನ ಸಲಹೆ ಏನಂದರೆ ವೆಲ್ಡಿಂಗ್ ಉಸಾಬರಿಯೇ ಬೇಡ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಹೊಡೆದು, ಮೇಲೆ ಕಾರ್ಬನ್ ಬಟ್ಟೆ ಮತ್ತು ಎಪಾಕ್ಸಿ ಸುತ್ತಿಬಿಡಿ. ಅಲ್ಯುಮಿನಿಯಂ ಫ್ರೇಮಿಗೆ ಹಾಗೆ ಮಾಡಿದವರನ್ನು ನೋಡಿದ್ದೇನೆ. ಬೆಂಕಿ ಇಲ್ಲ, ಗ್ಯಾಸ್ ಇಲ್ಲ, ಮನೆಯಲ್ಲೇ ಆಗುತ್ತದೆ.

ಟಾರ್ಚ್ ಮೇಷ್ಟ್ರು (ಬೆಂಗಳೂರು)

ಮೈಸೂರಿನವರೇ, ನಾನು ಪೀಣ್ಯದಲ್ಲಿ ಟಿಗ್ (ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಆರ್ಕಿನಿಂದ ಮಾಡುವ ವೆಲ್ಡಿಂಗ್) ಹಿಡಿದೇ ತಲೆ ಬೆಳ್ಳಗೆ ಮಾಡಿಕೊಂಡವನು. ವಿಮಾನದ ಪೈಪು, ಕೆಮಿಕಲ್ ಫ್ಯಾಕ್ಟರಿಯ ಹೀಟ್ ಎಕ್ಸ್‌ಚೇಂಜರು, ನಡುವೆ ಸೈಕಲ್ ಫ್ರೇಮುಗಳೂ ಬಂದಿವೆ. ಈಗ ವೆಲ್ಡಿಂಗ್ ಟಾರ್ಚ್ ಕೆಳಗಿಟ್ಟು ಹುಡುಗರಿಗೆ ಕಲಿಸುತ್ತೇನೆ. ಹಾಗಾಗಿ ಮಾತು ಜಾಸ್ತಿ, ಸಹಿಸಿಕೊಳ್ಳಿ.

ವೆಲ್ಡಿಂಗ್ ವಿಷಯ ಆಮೇಲೆ. ಮೊದಲು ನೀವು ಒಂದು ಅಳತೆ ತೆಗೆಯಬೇಕು. ಸೀಟ್ ಪೋಸ್ಟಿಗೆ, ಅದನ್ನು ಬಿಗಿಹಿಡಿಯುವ ಕ್ಲ್ಯಾಂಪಿನ ಮೇಲಂಚಿನಲ್ಲಿ, ಟೇಪ್ ಸುತ್ತಿ ಗುರುತು ಮಾಡಿ. ಪೋಸ್ಟ್ ಹೊರಗೆ ಎಳೆಯಿರಿ. ಟೇಪಿನಿಂದ ಕೆಳತುದಿಗೆ ಎಷ್ಟು ಮಿ.ಮೀ. ಅಂತ ನೋಡಿ. ಆಮೇಲೆ ಫ್ರೇಮಿನ ಹೊರಗಡೆ, ಅದೇ ಕ್ಲ್ಯಾಂಪಿನ ಅಂಚಿನಿಂದ ಬಿರುಕಿನವರೆಗೆ ಅಳೆಯಿರಿ. ಎರಡೂ ಹೆಚ್ಚು ಕಡಿಮೆ ಒಂದೇ ಬರುತ್ತದೆ ಅಂತ ನನ್ನ ಊಹೆ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಾವು ಸೀಟಿನ ಮೇಲೆ ಕೂತಾಗ ಪೋಸ್ಟಿನ ಮೇಲ್ಭಾಗ ಹಿಂದಕ್ಕೆ ವಾಲುತ್ತದೆ. ಒಳಗಿರುವ ಕೆಳತುದಿ ಮುಂದಕ್ಕೆ ಒತ್ತುತ್ತದೆ. ಆ ತುದಿ ಟಾಪ್ ಟ್ಯೂಬಿಗಿಂತ ಸಾಕಷ್ಟು ಕೆಳಗಿದ್ದರೆ ಭಾರ ಹಂಚಿಹೋಗುತ್ತದೆ. ಸರಿಯಾಗಿ ವೆಲ್ಡಿಂಗಿನ ಕೆಳ ಅಂಚಿಗೇ ಬಂದು ನಿಂತಿದ್ದರೆ, ರಸ್ತೆಯ ಪ್ರತಿ ಗುಂಡಿಗೂ ಅದೇ ಒಂದು ಜಾಗಕ್ಕೆ ಪೆಟ್ಟು. ನಿಮ್ಮ ಬಿರುಕು ಇರುವುದು ಅಲ್ಲೇ, ಮುಂಭಾಗದಲ್ಲೇ. ಕಾರಣ ಸರಿಮಾಡದೆ ವೆಲ್ಡಿಂಗ್ ಮಾತ್ರ ಮಾಡಿಸಿದರೆ ಹೊಸ ಬಿರುಕು ಅದರ ಪಕ್ಕದಲ್ಲೇ ಬರುತ್ತದೆ. ಆಗ ಎಲ್ಲರೂ ವೆಲ್ಡರ್‌ನನ್ನು ಬೈಯುತ್ತಾರೆ.

ಹುಬ್ಬಳ್ಳಿಯವರು ಹೇಳಿದ ಕಾರ್ಬನ್ ಪಟ್ಟಿಯನ್ನು ನಾನು ಒಪ್ಪುವುದಿಲ್ಲ. ತೂತು ಹೊಡೆಯುವುದು ಸರಿ, ಆದರೆ ತುದಿ ಎಲ್ಲಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ತುದಿಗೆ ಸರಿಯಾಗಿ ಬೀಳದ ತೂತು ಸುಮ್ನೆ ಇನ್ನೊಂದು ಗಾಯ. ಜೊತೆಗೆ ಟೈಟಾನಿಯಂ ಮೇಲೆ ಅಂಟು ನಿಲ್ಲಿಸುವುದು ಬೇರೆಯದೇ ವಿದ್ಯೆ. ಪಟ್ಟಿ ಸುತ್ತಿದ ಮೇಲೆ ಒಳಗೆ ಬಿರುಕು ಮುಂದೆ ಹೋದರೂ ಗೊತ್ತಾಗುವುದಿಲ್ಲ. ಇನ್ನು ಯಾರಾದರೂ ಹಿತ್ತಾಳೆ ಕರಗಿಸಿ ಬೆಸೆಯುವ ಬ್ರೇಜಿಂಗ್ ಮಾಡುತ್ತೇನೆ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಟೈಟಾನಿಯಂ ಜೊತೆ ತಾಮ್ರ, ಕಬ್ಬಿಣ ಕರಗಿ ಬೆರೆತರೆ ಆ ಜಾಗ ಪೆಡಸಾಗಿ ತಾನೇ ಸೀಳುತ್ತದೆ. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ವೈರ್ ಕರಗಿಸಿ ತುಂಬಿದರೂ ಅದೇ ಕಥೆ.

ಈಗ ವೆಲ್ಡಿಂಗ್. ನಿಮ್ಮದು ಬಹುಶಃ ಗ್ರೇಡ್ 9. ಅಂದರೆ ಟೈಟಾನಿಯಂಗೆ 3 ಶೇಕಡಾ ಅಲ್ಯುಮಿನಿಯಂ, 2.5 ಶೇಕಡಾ ವೆನೇಡಿಯಂ. ಇದು ಮೊದಲು ವಿಮಾನದ ಹೈಡ್ರಾಲಿಕ್ ಪೈಪಿಗೆ ಬಳಕೆಗೆ ಬಂದ ಟ್ಯೂಬು. 1970ರ ದಶಕದಲ್ಲಿ ಅಮೆರಿಕದ ಟೆಲಿಡೈನ್ ಕಂಪನಿ ಟೈಟಾನ್ ಅಂತ ಫ್ರೇಮ್ ಮಾಡಿತ್ತು, ಶುದ್ಧ ಟೈಟಾನಿಯಂನಲ್ಲಿ. ಮೆತ್ತಗೆ, ಬಾಗುತ್ತಿತ್ತು, ಮುರಿದವೂ ಇವೆ. 1980ರ ದಶಕದಲ್ಲಿ ಮರ್ಲಿನ್, ಲೈಟ್‌ಸ್ಪೀಡ್‌ನಂಥವರು ಈ 3-2.5 ಟ್ಯೂಬಿಗೆ ಬಂದ ಮೇಲೆಯೇ ಟೈಟಾನಿಯಂ ಸೈಕಲ್ಲಿಗೆ ಮರ್ಯಾದೆ ಬಂತು. ಡ್ರಾಪ್‌ಔಟ್ (ಚಕ್ರದ ಆಕ್ಸಲ್ ಕೂರುವ ತುದಿ) ಮಾತ್ರ ಹಲವರು ಗ್ರೇಡ್ 5 ಅನ್ನುವ ಬೇರೆ ಮಿಶ್ರಲೋಹದಲ್ಲಿ ಮಾಡುತ್ತಾರೆ. ಅದು ನಿಮ್ಮ ಜಾಗಕ್ಕೆ ಸಂಬಂಧ ಇಲ್ಲ.

ಕರಗಿಸುವುದು ಕಷ್ಟವೇ ಅಲ್ಲ. ನಿಜ ಹೇಳಬೇಕೆಂದರೆ ಪಡ್ಲ್ (ಕರಗಿದ ಲೋಹದ ಪುಟ್ಟ ಕೊಳ) ಅಲ್ಯುಮಿನಿಯಂಗಿಂತ ಚೆನ್ನಾಗಿ ಹೇಳಿದಂತೆ ಕೇಳುತ್ತದೆ. ಮಷೀನಿನ ಸೆಟ್ಟಿಂಗ್ ಅಂದರೆ ಡಿಸಿ ಕರೆಂಟು, ಟಾರ್ಚ್ ನೆಗೆಟಿವ್, 1.6 ಮಿ.ಮೀ. ಟಂಗ್‌ಸ್ಟನ್, ಹೈ ಫ್ರೀಕ್ವೆನ್ಸಿ ಸ್ಟಾರ್ಟ್. 0.9 ಮಿ.ಮೀ. ದಪ್ಪದ ಟ್ಯೂಬಿನ ಗೋಡೆಗೆ 35 ಆಂಪ್ ಆಸುಪಾಸು ಸಾಕು. ಕಷ್ಟ ಇರುವುದು ಗಾಳಿಯಲ್ಲಿ. ಟೈಟಾನಿಯಂ ಕರಗುವುದು 1,668 ಡಿಗ್ರಿಗೆ. ಆದರೆ ಸುಮಾರು 430 ಡಿಗ್ರಿ ದಾಟಿದರೆ ಸಾಕು, ಗಾಳಿಯಲ್ಲಿರುವ ಆಕ್ಸಿಜನ್, ನೈಟ್ರೋಜನ್ ಎರಡನ್ನೂ ಒಳಗೆ ಎಳೆದುಕೊಳ್ಳಲು ಶುರು ಮಾಡುತ್ತದೆ. ಎಳೆದುಕೊಂಡ ಜಾಗ ಹಪ್ಪಳದ ಹಾಗೆ ಮುರಿಯುತ್ತದೆ. ಅದನ್ನು ಆಮೇಲೆ ಉಜ್ಜಿ, ಕಾಯಿಸಿ ವಾಪಸ್ ಸರಿ ಮಾಡಲು ಆಗುವುದಿಲ್ಲ. ಕತ್ತರಿಸಿ ತೆಗೆಯುವುದೊಂದೇ ದಾರಿ.

ಹಾಗಾಗಿ ಪಡ್ಲ್ ಮೇಲೆ ಮಾತ್ರ ಆರ್ಗಾನ್ ಇದ್ದರೆ ಸಾಲದು. ಟಾರ್ಚ್ ಮುಂದೆ ಹೋದ ಮೇಲೂ ಹಿಂದಿನ ವೆಲ್ಡು 430 ಡಿಗ್ರಿಗಿಂತ ಬಿಸಿ ಇರುತ್ತದೆ. ಈ ಲೋಹ ಶಾಖವನ್ನು ಬೇಗ ಸಾಗಿಸುವುದಿಲ್ಲ, ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಟಾರ್ಚಿಗೆ ಗ್ಯಾಸ್ ಲೆನ್ಸು (ಗ್ಯಾಸನ್ನು ಸಮವಾಗಿ ಹರಿಸುವ ಜಾಲರಿ), ಅಗಲವಾದ ಕಪ್ (ಟಾರ್ಚಿನ ಮೂತಿ) ಬೇಕು. ಆರ್ಕ್ ನಿಂತ ಮೇಲೂ 20-25 ಸೆಕೆಂಡ್ ಗ್ಯಾಸ್ ಹರಿಯುತ್ತಿರಬೇಕು, ಅಲ್ಲಿಯವರೆಗೆ ಟಾರ್ಚ್ ಎತ್ತಬಾರದು. ವೈರಿನ ತುದಿ ಬಿಸಿ ಇದ್ದಾಗ ಗ್ಯಾಸಿನಿಂದ ಹೊರಗೆ ಬಂತೋ, ಆ ತುದಿಯನ್ನು ಕತ್ತರಿಸಿ ಎಸೆದೇ ಮುಂದಿನ ಹನಿ ಹಾಕಬೇಕು. ನನ್ನ ಹುಡುಗರಿಗೆ ಇದನ್ನು ಅಭ್ಯಾಸ ಮಾಡಿಸುವುದೇ ದೊಡ್ಡ ಕೆಲಸ.

ಇಷ್ಟೂ ಹೊರಗಿನ ಮಾತು. ಟ್ಯೂಬಿನ ಒಳಗಡೆ? ಅಲ್ಲಿಯೂ ಅಷ್ಟೇ ಬಿಸಿ, ಅಲ್ಲಿಯೂ ಗಾಳಿ. ಫ್ರೇಮಿನ ಒಳಗೆ ಪೂರ್ತಿ ಆರ್ಗಾನ್ ತುಂಬಬೇಕು. ಇದಕ್ಕೆ ನಾವು ಪರ್ಜಿಂಗ್ ಅನ್ನುತ್ತೇವೆ. ಸೀಟ್ ಟ್ಯೂಬಿನ ಬಾಯಿಗೆ, ಹೆಡ್ ಟ್ಯೂಬಿಗೆ (ಹ್ಯಾಂಡಲ್ ಕೂರುವ ಪೈಪು), ಬಾಟಮ್ ಬ್ರಾಕೆಟ್ಟಿಗೆ (ಪೆಡಲಿನ ಆಕ್ಸಲ್ ಕೂರುವ ಜಾಗ) ಮುಚ್ಚಳ. ಆರ್ಗಾನ್ ಗಾಳಿಗಿಂತ ಭಾರ, ಸುಮಾರು 1.4 ಪಟ್ಟು. ಅದಕ್ಕೆ ಕೆಳಗಿನಿಂದ ಬಿಡಬೇಕು, ಗಾಳಿ ಮೇಲಿನ ಸಣ್ಣ ತೂತಿನಿಂದ ಹೊರಗೆ ಹೋಗಬೇಕು. ನಿಧಾನವಾಗಿ, ಒಳಗಿನ ಜಾಗದ ಹತ್ತು ಪಟ್ಟಾದರೂ ಗ್ಯಾಸ್ ಹರಿದ ಮೇಲೆ ಆರ್ಕ್. ಜೋರಾಗಿ ಬಿಟ್ಟರೆ ಗಾಳಿ ಜೊತೆ ಕಲಸಿಕೊಳ್ಳುತ್ತದೆ. ಹೊರಹೋಗುವ ತೂತು ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡಕ್ಕೆ ಪಡ್ಲ್ ಹೊರಕ್ಕೆ ಉಬ್ಬಿ ಹಾರುತ್ತದೆ. ಗ್ಯಾಸು ಫೈವ್ ನೈನ್ ಇರಬೇಕು, ಅಂದರೆ 99.999. ಹಳೆಯ ರಬ್ಬರ್ ಪೈಪು ತೇವ ಹೀರಿಕೊಂಡಿರುತ್ತದೆ, ಅದು ಬೇಡ.

ಸಂಜೆಗೆ ಕೊಡುತ್ತೇನೆ ಅಂದರಲ್ಲ, ಅವರು ಈ ಒಳಗಿನ ಗ್ಯಾಸಿನ ಬಗ್ಗೆ ಏನಾದರೂ ಹೇಳಿದರಾ?

ಕರಾವಳಿ ಪೆಡಲ್ (ಮಂಗಳೂರು)

ಎಂಥ ಮಾರಾಯ್ರೇ, ಓದಿ ತಲೆ ತಿರುಗಿತು. ನಮ್ಮ ಕಡೆ ಮೀನಿನ ಫ್ಯಾಕ್ಟರಿಗೆ ಎಸ್‌ಎಸ್ ಟ್ಯಾಂಕು ಮಾಡುವವರು ಒಬ್ಬರು ಇದ್ದಾರೆ. ಚಂದದ ಟಿಗ್ ಕೆಲಸ. ಅವರು ಒಬ್ಬರ ಟೈಟಾನಿಯಂ ಹ್ಯಾಂಡಲ್ ಬಾರ್‌ಗೆ ಹಾಗೇ ವೆಲ್ಡ್ ಹೊಡೆದು ಕೊಟ್ಟಿದ್ದಾರೆ, ಪರ್ಜಿಂಗ್ ಗಿರ್ಜಿಂಗ್ ಏನೂ ಇಲ್ಲ. ಇನ್ನೂ ಓಡುತ್ತಾ ಉಂಟು. ವೆಲ್ಡು ನೋಡಲು ಭಾರೀ ಚಂದ, ನೀಲಿ ನೇರಳೆ ಕಾಮನಬಿಲ್ಲು. ಇಷ್ಟೆಲ್ಲ ಕಟ್ಟುನಿಟ್ಟು ನಿಜವಾಗಿಯೂ ಬೇಕಾ?

ಟಾರ್ಚ್ ಮೇಷ್ಟ್ರು

ಮಂಗಳೂರಿನವರೇ, ಆ ಹ್ಯಾಂಡಲ್ ಬಾರ್ ಹಾಕಿಕೊಂಡು ಓಡಾಡುವವರಿಗೆ ಇವತ್ತೇ ಫೋನ್ ಮಾಡಿ ಬಿಚ್ಚಲು ಹೇಳಿ. ತಮಾಷೆ ಅಲ್ಲ. ಫ್ರೇಮಿನಲ್ಲಿ ಬಿರುಕು ಬಿಟ್ಟರೆ ಎಷ್ಟೋ ಸಲ ಕಿರಗುಟ್ಟಿ ಮುನ್ಸೂಚನೆ ಕೊಡುತ್ತದೆ. ಹ್ಯಾಂಡಲ್ ಬಾರ್ ಮುರಿದರೆ ಹಲ್ಲು ಹೋಗುತ್ತದೆ.

ನೀವು ಚಂದ ಅಂದ ಆ ನೀಲಿ ನೇರಳೆಯೇ ದೂರು. ಟೈಟಾನಿಯಂನಲ್ಲಿ ವೆಲ್ಡು ಬೆಳ್ಳಿಯ ಬಣ್ಣಕ್ಕೆ ಹೊಳೆಯುತ್ತಿದ್ದರೆ ಚೆನ್ನ. ತೆಳು ಹಳದಿ ಇದ್ದರೂ ಪರವಾಗಿಲ್ಲ. ಕಂದು ಬಂದರೆ ಎಚ್ಚರ. ನೇರಳೆ, ನೀಲಿ ಅಂದರೆ ಗ್ಯಾಸ್ ಸಾಕಾಗಿಲ್ಲ, ಫ್ರೇಮಿಗೆ ನಾನು ಅದನ್ನು ಪಾಸ್ ಮಾಡುವುದಿಲ್ಲ. ಬೂದು, ಅದರ ಮೇಲೆ ಬಿಳಿ ಪುಡಿ ಅಂದರೆ ಕತ್ತರಿಸಿ ಬಿಸಾಕಿ. ಅಂತರ್ಜಾಲದಲ್ಲಿ ಕಾಮನಬಿಲ್ಲಿನ ಬಣ್ಣದ ವೆಲ್ಡುಗಳನ್ನು ಹಾಕಿ ಹೊಗಳಿಸಿಕೊಳ್ಳುವುದು ಒಂದು ಚಟ ಆಗಿದೆ. ನೋಡಿದರೆ ನನಗೆ ಮೈ ಉರಿಯುತ್ತದೆ.

ಬಣ್ಣಕ್ಕೂ ಒಂದು ಮಿತಿ ಇದೆ. ಅದು ಮೇಲ್ಮೈಯ ಮಾತನ್ನು ಮಾತ್ರ ಹೇಳುತ್ತದೆ. ವೈರ್ ಬ್ರಶ್ ಹೊಡೆದರೆ ನೀಲಿಯೂ ಬೆಳ್ಳಿಯಾಗುತ್ತದೆ. ಮೊದಲ ಸಲ ಓಡಿಸಿದ ವೆಲ್ಡು ಕೆಟ್ಟಿದ್ದು, ಅದರ ಮೇಲೆ ಎರಡನೆಯದನ್ನು ಚೆನ್ನಾಗಿ ಓಡಿಸಿದರೂ ಕೆಡುಕು ಮುಚ್ಚಿಹೋಗುತ್ತದೆ. ಅದಕ್ಕೇ ಬ್ರಶ್ ಮುಟ್ಟಿಸುವ ಮೊದಲು ನೋಡಬೇಕು, ಒಳಭಾಗವನ್ನೂ ನೋಡಬೇಕು.

ಎಸ್‌ಎಸ್ ಮಾಡುವವರು ಕೈಲಾಗದವರು ಅಂತ ನಾನು ಹೇಳುತ್ತಿಲ್ಲ. ಡೈರಿ, ಔಷಧಿ ಕಾರ್ಖಾನೆಗಳ ಪೈಪ್ ಕೆಲಸ ಮಾಡಿದವರಿಗೆ ಪರ್ಜಿಂಗ್ ನೀರು ಕುಡಿದಷ್ಟು ಸಲೀಸು. ಅಂಥವರು ಟೈಟಾನಿಯಂ ಬೇಗ ಕಲಿಯುತ್ತಾರೆ. ಗೇಟು, ಗ್ರಿಲ್ ಮಾಡುವವರ ಹತ್ತಿರ ಹೋಗಬೇಡಿ ಅಷ್ಟೇ.

ಮೈಸೂರಿನವರೇ, ನೀವು ಕೇಳಿದ್ದು "ಹೋದರೆ ಏನು ಕೇಳಬೇಕು" ಅಂತ. ಮಾತು ಬೇಡ, ತುಂಡು ಕೇಳಿ. ಅದೇ ಗ್ರೇಡ್ 9ರ ಎರಡು ತುಂಡು ಟ್ಯೂಬನ್ನು ವೆಲ್ಡ್ ಮಾಡಿ ಕೊಡಲು ಹೇಳಿ, ದುಡ್ಡು ಕೊಟ್ಟೇ. ನಿಮ್ಮ ಕಣ್ಣೆದುರು ಉದ್ದಕ್ಕೆ ಸೀಳಿಸಿ. ಒಳಗಿನ ಬಣ್ಣ ನೋಡಿ. ಒಂದು ಅರ್ಧವನ್ನು ವೈಸಿಗೆ ಹಾಕಿ ವೆಲ್ಡು ಮಡಚುವ ಹಾಗೆ ಬಗ್ಗಿಸಿ. ಒಳ್ಳೆಯದಾದರೆ ಬಾಗುತ್ತದೆ. ಕೆಟ್ಟದ್ದಾದರೆ ಟಪ್ ಅಂತ ಮುರಿಯುತ್ತದೆ. ಈ ಪರೀಕ್ಷೆಗೆ ಮುಖ ಸಿಂಡರಿಸಿದ ಅಂಗಡಿಯಿಂದ ಫ್ರೇಮ್ ಎತ್ತಿಕೊಂಡು ಬನ್ನಿ.

ಅಂಗಡಿಗೆ ಕಾಲಿಟ್ಟ ಕೂಡಲೇ ಇನ್ನೊಂದು ಗಮನಿಸಿ. ಟೈಟಾನಿಯಂಗೆ ಬೇರೆ ಬ್ರಶ್, ಬೇರೆ ಅರ ಇಟ್ಟಿದ್ದಾರಾ? ಕಬ್ಬಿಣ ಉಜ್ಜಿದ ಬ್ರಶ್ಶಿನಿಂದ ಉಜ್ಜಿದರೆ ಕಬ್ಬಿಣದ ಕಣ ಇದರೊಳಗೆ ಕೂರುತ್ತದೆ. ಬಿರುಕು ತೋಡಲು ಕಾರ್ಬೈಡ್ ಬರ್ (ತಿರುಗುವ ಸಣ್ಣ ಕಟ್ಟರ್) ಬೇಕು, ಗ್ರೈಂಡಿಂಗ್ ಕಲ್ಲಲ್ಲ. ಒರೆಸಲು ಅಸಿಟೋನ್, ಕೈಗೆ ಹೊಸ ಗ್ಲೌಸು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮಾತ್ರ ಹತ್ತಿರಕ್ಕೂ ತರಬೇಡಿ. ಅದು ಟೈಟಾನಿಯಂಗೂ ಕೆಟ್ಟದ್ದು, ಆರ್ಕ್ ತಾಗಿದರೆ ಫಾಸ್ಜೀನ್ ಅಂತ ವಿಷಗಾಳಿ ಬರುತ್ತದೆ, ವೆಲ್ಡರ್‌ನ ಜೀವಕ್ಕೇ ಅಪಾಯ. ತೋಡಿದ ಸಣ್ಣ ಪುಡಿಯನ್ನು ಆಗಾಗ ಒರೆಸಿ ತೆಗೆಯಬೇಕು. ಟೈಟಾನಿಯಂ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ.

ಚಾಮುಂಡಿ ಏರು

ಮೇಷ್ಟ್ರೇ, ಅಳತೆ ತೆಗೆದೆ. ಪೋಸ್ಟ್ ಒಳಗಿದ್ದದ್ದು 62 ಮಿ.ಮೀ. ಬಿರುಕು ಇರುವುದು ಕ್ಲ್ಯಾಂಪಿನಿಂದ 61 ಮಿ.ಮೀ. ಕೆಳಗೆ! ಓದಿ ಆಮೇಲೆ ಅಳೆದದ್ದಕ್ಕೆ ಇನ್ನೂ ಆಶ್ಚರ್ಯ.

ಇನ್ನೊಂದು ಗೊತ್ತಾಯಿತು. ಪೋಸ್ಟಿನ ಮೇಲೆ ಕನಿಷ್ಠ ಆಳದ ಗುರುತು ಇದೆ, ಅದು ಫ್ರೇಮಿನ ಒಳಗೇ ಇತ್ತು. ಆದರೆ ಕೆಳತುದಿಯನ್ನು ಯಾರೋ ಗರಗಸದಿಂದ ಕತ್ತರಿಸಿದ್ದಾರೆ. ತೂಕ ಉಳಿಸಲು ಹಳೆಯ ಮಾಲೀಕರು ಮಾಡಿಸಿರಬೇಕು. ಗುರುತು ಸರಿ ಇದ್ದಂತೆ ಕಂಡರೂ ಅದರ ಕೆಳಗೆ ಇರಬೇಕಾದ ಪೋಸ್ಟೇ ಇಲ್ಲ.

ಪೀಣ್ಯದಲ್ಲಿ ಎರಡು ಕಡೆ ಹೋಗಿದ್ದೆ. ಮೊದಲನೆಯವರು ತುಂಡು ಕೇಳಿದ್ದಕ್ಕೆ "ಫ್ರೇಮ್ ಕೊಡ್ತೀರೋ ಇಲ್ವೋ" ಅಂದರು. ಎತ್ತಿಕೊಂಡು ಬಂದೆ. ಎರಡನೆಯವರು ಔಷಧಿ ಕಾರ್ಖಾನೆಯ ಪೈಪ್ ಕೆಲಸದವರು. ತುಂಡು ಮಾಡಿ, ಸೀಳಿ ತೋರಿಸಿದರು. ಹೊರಗೆ ಬೆಳ್ಳಿ, ಒಳಗೆ ಒಂದು ಕಡೆ ತೆಳು ಹಳದಿ. ವೈಸಿನಲ್ಲಿ ಮಡಚಿದರೂ ಮುರಿಯಲಿಲ್ಲ. ಬಿರುಕಿಗೆ ಕೆಂಪು ಬಣ್ಣ ಬಿಟ್ಟು, ಅದು ಎಲ್ಲಿಯವರೆಗಿದೆ ಅಂತ ತೋರಿಸುವ ಡಿಪಿ (ಡೈ ಪೆನಿಟ್ರೆಂಟ್) ಟೆಸ್ಟೂ ಮಾಡಿಸಿದರು. ನನ್ನ ಕಣ್ಣಿಗೆ 12 ಮಿ.ಮೀ. ಕಂಡದ್ದು ನಿಜಕ್ಕೂ 19 ಮಿ.ಮೀ. ಇದೆ. ಇಷ್ಟಕ್ಕೆ ಟ್ಯೂಬ್ ಬದಲಿಸಬೇಕಾ, ವೆಲ್ಡಿಂಗ್ ಸಾಕಾ? ಅವರ ಹತ್ತಿರ ಈಗ ಗ್ರೇಡ್ 2 ವೈರ್ ಮಾತ್ರ ಇದೆಯಂತೆ, ಗ್ರೇಡ್ 9 ತರಿಸಲು ಸ್ವಲ್ಪ ದಿನ ಬೇಕಂತೆ.

ಹುಬ್ಬಳ್ಳಿ ಚೈನು

ಆ 62, 61 ನೋಡಿ ನಾನೂ ಹೋಗಿ ನನ್ನ ಪೋಸ್ಟ್ ಎಳೆದು ಅಳೆದೆ ನೋಡ್ರಿ. ಬಚಾವ್, 110 ಐತಿ. ಕಾರ್ಬನ್ ಪಟ್ಟಿ ಮಾತು ವಾಪಸ್ ತಗೊಂಡೆ.

ಟಾರ್ಚ್ ಮೇಷ್ಟ್ರು

ಎರಡನೆಯವರ ಹತ್ತಿರವೇ ಕೊಡಿ. ಒಳ್ಳೆಯ ಕೈ ಸಿಕ್ಕಿದೆ.

ಸೀಟ್ ಟ್ಯೂಬಿನ ಸುತ್ತಳತೆ ಸುಮಾರು 90 ಮಿ.ಮೀ. ಮೇಲೆ ಇರುತ್ತದೆ. 19 ಅಂದರೆ ಕಾಲು ಭಾಗಕ್ಕಿಂತ ಕಡಿಮೆ. ವೆಲ್ಡಿಂಗ್ ಸಾಕು. ಮೂರನೇ ಒಂದು ಭಾಗ ದಾಟಿದ್ದರೆ ನಾನು ಟ್ಯೂಬ್ ಬದಲಿಸಿ ಅನ್ನುತ್ತಿದ್ದೆ. ಆದರೆ ಬಿರುಕಿನ ಮೇಲೆ ಹಾಗೇ ವೆಲ್ಡ್ ಓಡಿಸಬಾರದು. ಒಳಗೆ ಬೆವರು, ಗ್ರೀಸು, ಧೂಳು ಹೋಗಿ ಕೂತಿರುತ್ತದೆ. ಡಿಪಿ ತೋರಿಸಿದ ಎರಡೂ ತುದಿಗೆ 2 ಮಿ.ಮೀ. ತೂತು. ನಡುವಿನದ್ದನ್ನು ಬರ್‌ನಿಂದ ಪೂರ್ತಿ ತೋಡಬೇಕು. ಮತ್ತೊಮ್ಮೆ ಡಿಪಿ ಮಾಡಿ ಕೆಂಪು ಗೆರೆ ಉಳಿದಿಲ್ಲ ಅಂತ ನೋಡಬೇಕು. ಡಿಪಿಯ ಬಣ್ಣವನ್ನೂ ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಅದೇ ಇನ್ನೊಂದು ಕೊಳೆ. ಆಮೇಲೆ ಸಣ್ಣ ಸಣ್ಣ ತುಣುಕಾಗಿ ವೆಲ್ಡು, ನಡುನಡುವೆ ಆರಲು ಬಿಟ್ಟು.

ವೈರ್ ವಿಷಯದಲ್ಲಿ ಕಾಯಿರಿ. ಗ್ರೇಡ್ 2 ಮೆತ್ತಗೆ, ವೆಲ್ಡು ಸಲೀಸಾಗಿ ಕೂರುತ್ತದೆ, ಆದರೆ ಬಲ ಕಡಿಮೆ. ಬಾಟಲಿ ಕೇಜಿನ ಬೋಲ್ಟು ಕೂರುವ ಬಾಸಿಗಾದರೆ ಪರವಾಗಿಲ್ಲ ಅನ್ನುತ್ತಿದ್ದೆ. ಈ ಜಾಗಕ್ಕೆ ಟ್ಯೂಬಿನದೇ ಗ್ರೇಡ್ ಇರಲಿ.

ವೆಲ್ಡು ಆದ ಮೇಲೆ ಸೀಟ್ ಟ್ಯೂಬ್ ಒಳಗೆ ಸ್ವಲ್ಪ ಕುಗ್ಗಿರುತ್ತದೆ. 27.2 ಮಿ.ಮೀ. ದಪ್ಪದ ಪೋಸ್ಟ್ ಸಿಕ್ಕಿಹಾಕಿಕೊಂಡರೆ ಸುತ್ತಿಗೆ ತಗೋಬೇಡಿ. ರೀಮರ್ (ಟ್ಯೂಬಿನ ಒಳಗನ್ನು ಹೆರೆಯುವ ಕಟ್ಟರ್) ಹಾಕಿಸಿ, ನಿಧಾನ ತಿರುಗಿಸಿ, ಕಟಿಂಗ್ ಆಯಿಲ್ ಧಾರಾಳವಾಗಿ. ಫ್ರೇಮ್ ನೇರ ಇದೆಯಾ ಅಂತಲೂ ನೋಡಿಸಿ. ಸ್ಟೀಲಿನ ಹಾಗೆ ಬಗ್ಗಿಸಿ ಸರಿಮಾಡೋಣ ಅಂದರೆ ಇದು ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ಅದಕ್ಕೇ ವೆಲ್ಡ್ ಮಾಡುವಾಗಲೇ ಡ್ರಾಪ್‌ಔಟಿನಲ್ಲಿ ಆಕ್ಸಲ್ ಹಾಕಿ, ಜಿಗ್ಗಿನಲ್ಲಿ (ಫ್ರೇಮ್ ಅಲುಗದಂತೆ ಹಿಡಿಯುವ ಚೌಕಟ್ಟು) ಹಿಡಿದಿರಬೇಕು.

ಹೊಸ ಪೋಸ್ಟ್ 350 ಮಿ.ಮೀ. ಉದ್ದದ್ದು ತಗೊಳ್ಳಿ, ಕನಿಷ್ಠ 100 ಮಿ.ಮೀ. ಒಳಗಿರಲಿ. ನಿಮ್ಮ ಫ್ರೇಮಿಗೆ ಆಗ ತುದಿ ಟಾಪ್ ಟ್ಯೂಬಿನ ಕೆಳಗೆ ಇನ್ನೂ 40 ಮಿ.ಮೀ. ಇಳಿಯುತ್ತದೆ. ಅಲ್ಯುಮಿನಿಯಂ ಪೋಸ್ಟ್ ಆದರೆ ಆಂಟಿ-ಸೀಜ್ ಪೇಸ್ಟ್ ಹಚ್ಚಿಯೇ ಹಾಕಿ, ಒಣದಾಗಿ ಹಾಕಿದರೆ ಒಳಗೆ ಕಚ್ಚಿ ಕೂರುತ್ತದೆ.

ಚಾಮುಂಡಿ ಏರು

ಗ್ರೇಡ್ 9 ವೈರ್ ಬರಲಿ ಅಂತ ಹೇಳಿದೆ. ಅಷ್ಟರಲ್ಲಿ ಫ್ರೇಮ್ ಪೂರ್ತಿ ಬಿಚ್ಚಿಡುತ್ತೇನೆ. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು), ಬಾಟಮ್ ಬ್ರಾಕೆಟ್ ಎರಡೂ ತೆಗೆಯಬೇಕಾ, ಅಥವಾ ಸೀಟಿನ ಕಡೆ ಮಾತ್ರ ಸಾಕಾ?

ಟಾರ್ಚ್ ಮೇಷ್ಟ್ರು

ಎರಡೂ ತೆಗೆಯಿರಿ. ಬ್ರಾಕೆಟ್ಟಿನ ಗ್ರೀಸ್ ಹಬೆ ಒಳಗೆ ಸೇರಿದರೆ ಪರ್ಜಿಂಗ್ ವ್ಯರ್ಥ. ಬಾಟಲಿ ಕೇಜಿನ ಬೋಲ್ಟುಗಳನ್ನೂ ಬಿಚ್ಚಿ ಕೊಡಿ, ಗ್ಯಾಸ್ ಒಳಗೆ ಬಿಡಲು, ಹೊರಗೆ ಹೋಗಲು ಅವೇ ದಾರಿ. ಸೀಟ್ ಟ್ಯೂಬಿನ ಒಳಗೆ ಅಸಿಟೋನ್ ಬಟ್ಟೆ ಕೋಲಿಗೆ ಸುತ್ತಿ ಎಳೆಯಿರಿ, ಬಟ್ಟೆ ಬೆಳ್ಳಗೆ ಬರುವವರೆಗೆ. ಅದನ್ನು ವೆಲ್ಡರ್ ಮಾಡುತ್ತಾರೆ ಅಂತ ಬಿಡಬೇಡಿ, ನೀವೇ ಮಾಡಿ.